ಅಕ್ಕನ ಕಲ್ಲಿಗೆ ಭಾವ ಬರೆದ ನಾಲ್ಕು ಸಾಲು

ನಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ 'ತಪ್ಪು' ಎನ್ನುವ ಮಾತು ಹೇಳುವಂತಿರಲಿಲ್ಲ. ಸಮಾಧಿ ಕಲ್ಲು ಕೆತ್ತುವ ಅಂಗಡಿ ಅದು. ಬರುವವರೆಲ್ಲ ಯಾರನ್ನೋ ಮಣ್ಣು ಮಾಡಿ ಬಂದವರು. ಕೈಯಲ್ಲೊಂದು ಚೀಟಿ, ಚೀಟಿಯಲ್ಲಿ ಎರಡೋ ನಾಲ್ಕೋ ಸಾಲು. ಬಹಳ ಮಂದಿಗೆ ಹುಟ್ಟಿದಾರಭ್ಯ ಬರೆದದ್ದು ಅದೊಂದೇ ಪದ್ಯ. ಕಾಗುಣಿತ ಅಡ್ಡಾದಿಡ್ಡಿ, ಒತ್ತು ಇರಬೇಕಾದಲ್ಲಿ ಇಲ್ಲ, ಬೇಡದಲ್ಲಿ ಎರಡು. ಅಂಥವರ ಮುಖಕ್ಕೆ ಹೊಡೆದ ಹಾಗೆ ಇದು ತಪ್ಪು ಎನ್ನಲು ಬಾಯಿ ಬರುತ್ತದೆಯೇ? ಅದಕ್ಕೆ ಅಪ್ಪ ತನ್ನದೇ ಒಂದು ದಾರಿ ಕಂಡುಕೊಂಡಿದ್ದ. ತಪ್ಪನ್ನೆಲ್ಲ ಕಲ್ಲಿನ ತಲೆಗೆ ಕಟ್ಟುತ್ತಿದ್ದ.

"ಬರೆದಿರೋದು ಚೆನ್ನಾಗಿದೆ. ಆದ್ರೆ ಈ ಅಕ್ಷರ ಈ ಕಲ್ಲಿಗೆ ಕೂರಲ್ಲ ನೋಡಿ, ಅಂಚು ಸಿಡಿದುಬಿಡುತ್ತೆ. ಇಲ್ಲೊಂದು ದೀರ್ಘ ಕೊಟ್ರೆ ಕಲ್ಲು ಒಪ್ಪುತ್ತೆ."

ಕಲ್ಲು ಒಪ್ಪದ ಮೇಲೆ ಗಿರಾಕಿ ತಾನೇ ಏನು ಮಾಡಿಯಾನು? ಹೂಂ ಅನ್ನುತ್ತಿದ್ದ. ಒಬ್ಬ ಮಾಂಸದಂಗಡಿಯವನು ತನ್ನ ತಾಯಿಗೆಂದು ಬರೆದು ತಂದದ್ದರಲ್ಲಿ ಕಲ್ಲು ಒಪ್ಪದ ಅಕ್ಷರಗಳೇ ಹೆಚ್ಚಾಗಿ, ಕೊನೆಗೆ ಅವನೇ ರೋಸಿಹೋಗಿ, "ಯಜಮಾನ್ರೇ, ಬೇರೆ ಕಲ್ಲು ತೋರಿಸಿ, ಇದು ತೀರಾ ಜಗಳಗಂಟಿ" ಎಂದಿದ್ದ. ಅವನು ಹೋದ ಮೇಲೆ ಅಪ್ಪ, ಅಕ್ಕ, ನಾನು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅಕ್ಕನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ.

ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಕಡಿದಾದ ಮೆಟ್ಟಿಲು. ಅಕ್ಷರ ಬಿಡಿಸುವುದು ನನ್ನ ಕೆಲಸ. ಚೀಟಿಯಲ್ಲಿದ್ದದ್ದನ್ನು ಕಂದು ಕಾಗದದ ಮೇಲೆ ಕಲ್ಲಿನಷ್ಟೇ ಅಳತೆಗೆ ದೊಡ್ಡದಾಗಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ಕಲ್ಲಿನ ಮೇಲೆ ಹಾಸಿ ಇದ್ದಿಲ ಪುಡಿ ಕಟ್ಟಿದ ಬಟ್ಟೆಯಿಂದ ತಟ್ಟುತ್ತೇನೆ. ಕಾಗದ ಎತ್ತಿದರೆ ಕಲ್ಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿರುತ್ತದೆ. ಅಲ್ಲಿಂದ ಮುಂದೆ ಅಪ್ಪನದು. ಅವನು ಅಕ್ಷರವನ್ನು ಅಕ್ಷರವಾಗಿ ಕೆತ್ತುವವನಲ್ಲ. ಮೊದಲು ಇಡೀ ಕಲ್ಲಿನ ಅಕ್ಷರಗಳ ದುಂಡು ಭಾಗಗಳನ್ನೆಲ್ಲ ಮುಗಿಸುತ್ತಾನೆ, ಆಮೇಲೆ ಕೊಂಬು, ಒತ್ತು, ಎಲ್ಲ ಆದ ಮೇಲೆ ತಲೆಕಟ್ಟು. ಒಂದೇ ಬಗೆಯ ಏಟಿಗೆ ಕೈ ಕುದುರುತ್ತದೆ ಎನ್ನುವುದು ಒಂದು ಕಾರಣ. ಕೆಲಸ ಮುಗಿಯುವವರೆಗೆ ಕಲ್ಲಿನ ಮೇಲೆ ಏನಿದೆ ಎಂದು ಓದಲಾಗುವುದಿಲ್ಲ ಎನ್ನುವುದು ಇನ್ನೊಂದು. "ಓದ್ತಾ ಕೂತ್ರೆ ಉಳಿ ಓಡಲ್ಲ" ಎನ್ನುತ್ತಿದ್ದ.

ಅಕ್ಕ ಹೋದದ್ದು ಹೀಗೆ: ಬೆಳಗ್ಗೆ ತಲೆನೋವು ಎಂದಳು, ಸಂಜೆಗೆ ಇರಲಿಲ್ಲ.

ನನಗೆ ಅಳು ಬರಲಿಲ್ಲ. ಅತ್ತುಬಿಡು, ಹಗುರಾಗುತ್ತೆ ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ನನಗೆ ಭಾರವೇ ಇರಲಿಲ್ಲ, ಹಗುರಾಗುವುದೆಲ್ಲಿ ಬಂತು. ಮಡಿಸಿ ಕೂತ ಕಾಲಿಗೆ ಜೋಮು ಹಿಡಿದಾಗ ಚಿವುಟಿದರೆ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಹಾಗಿತ್ತು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿನ್ನುವಾಗಲೂ ತಿಳಿಯುತ್ತಿರಲಿಲ್ಲ. ಅಪ್ಪನೂ ಏನೂ ಹೇಳದೆ ತಿಂದು ಏಳುತ್ತಿದ್ದ. ಅಂಗಡಿ ಮಾತ್ರ ನಡೆಯುತ್ತಿತ್ತು. ಸಾಯುವವರು ನಮಗಾಗಿ ಕಾಯುವುದಿಲ್ಲ.

ಅಕ್ಕನಿಗೆಂದು ಅಪ್ಪ ಒಂದು ಬೂದು ಕಲ್ಲನ್ನು ತಾನೇ ಆರಿಸಿದ, ತಾನೇ ಉಜ್ಜಿ ನುಣುಪು ಮಾಡಿದ. ಕಿಟಕಿಯ ಪಕ್ಕ ನಿಲ್ಲಿಸಿ ಗೋಣಿ ಹೊದಿಸಿದ. ಅದರ ಮೇಲೆ ಏನು ಕೆತ್ತಬೇಕು ಎನ್ನುವುದನ್ನು ಭಾವನಿಗೆ ಬಿಟ್ಟ. ಗಂಡ ಅಲ್ಲವೇ, ಅವರ ಹಕ್ಕು.

ಭಾವ ಲಿಫ್ಟ್ ರಿಪೇರಿ ಮಾಡುವವರು. ದೊಡ್ಡ ದೊಡ್ಡ ಕಟ್ಟಡಗಳ ಕತ್ತಲೆ ಬಾವಿಗಳಲ್ಲಿ ಇಳಿದು ಹಗ್ಗಕ್ಕೆ ಗ್ರೀಸ್ ಹಚ್ಚುವ ಕೆಲಸ. ಮಾತು ಕಮ್ಮಿ, ಬರವಣಿಗೆ ಅದಕ್ಕಿಂತ ಕಮ್ಮಿ. ಅವರ ರಜೆ ಗುರುವಾರ. ಆ ಗುರುವಾರ ಅಂಗಡಿಗೆ ಬಂದು, ಜೇಬಿನಿಂದ ಚೀಟಿ ತೆಗೆದು, ಅಪ್ಪನ ಕೈಗೆ ಕೊಡಲು ನಾಚಿಕೊಂಡು ನನ್ನ ಕೈಗೆ ಕೊಟ್ಟರು.

ಬಾಗಿಲು ತೆಗೆದಾಗ ಯಾರು ಅಂತ ಕೇಳುತಿದ್ದೆ
ನಾನೆ ಅಂತ ಹೇಳುತಿದ್ದೆ
ಈಗ ಬಾಗಿಲು ತೆಗೆದರೆ ಯಾರು ಕೇಳುವುದಿಲ
ನಾನು ಯಾರು ಅಂತ ನನಗು ಮರೆತು ಹೊಗಿದೆ

ಓದಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎನ್ನುವುದು ತಲೆಗೆ ತಿಳಿಯಿತು, ಒಳಗೆ ಏನೂ ಅಲ್ಲಾಡಲಿಲ್ಲ. ಚೀಟಿಯನ್ನು ಅಪ್ಪನಿಗೆ ದಾಟಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದ. ಈಗ ತಪ್ಪನ್ನು ಕಲ್ಲಿನ ಮೇಲೆ ಹಾಕುತ್ತಾನೆ ಎಂದು ಕಾಯುತ್ತಿದ್ದೆ.

"ತಪ್ಪಿದೆ, ಅಳಿಯಂದ್ರೇ" ಎಂದ ಅಪ್ಪ.

ಆ ಮಾತನ್ನು ಅಂಗಡಿಯೊಳಗೆ ನಾನು ಕೇಳಿದ್ದು ಅದೇ ಮೊದಲು. ಅಪ್ಪ ಬೆರಳಿಟ್ಟು ಒಂದೊಂದಾಗಿ ತೋರಿಸಿದ. ಇಲ್ಲಿ ಒತ್ತು ಬಿಟ್ಟಿದೆ, ಇಲ್ಲಿ ದೀರ್ಘ ಬೇಕು, ಇಲ್ಲಿ ಮತ್ತೊಂದು ಒತ್ತು. ಭಾವ ಕಿವಿಯವರೆಗೆ ಕೆಂಪಾಗಿ ನಿಂತಿದ್ದರು. ಉಗುರಿನ ಸಂದಿಯ ಗ್ರೀಸನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದರು. "ತಿದ್ಕೊಂಡು ಬರ್ತೀನಿ ಮಾವ" ಎಂದು ಚೀಟಿ ಮಡಿಸಿಕೊಂಡು ಹೋದರು.

"ಅಷ್ಟಕ್ಕೇ ವಾಪಸ್ ಕಳಿಸೋದಾ?" ಎಂದು ಅಪ್ಪನನ್ನು ಕೇಳಿದೆ. "ಅಕ್ಷರ ಬಿಡಿಸುವಾಗ ನಾನೇ ಸರಿಮಾಡ್ತಿದ್ದೆ. ಅವರಿಗೆ ಗೊತ್ತೂ ಆಗ್ತಿರಲಿಲ್ಲ."

"ಅವರ ಪದ್ಯ. ಅವರೇ ತಿದ್ದಲಿ."

"ಬೇರೆಯವರಿಗೆಲ್ಲ ನೀನೇ ತಿದ್ದಿಕೊಡ್ತೀಯ."

"ಅವರು ಬೇರೆಯವರು."

"ಹಾಗಾದ್ರೆ ಅವರು ಬರೆದ ಹಾಗೇ ಕೆತ್ತು. ಅಕ್ಕ ಓದಿದ್ರೆ ಅವಳಿಗೆ ಅರ್ಥವಾಗ್ತಿತ್ತು."

"ಕಲ್ಲು ಅವಳು ಓದೋಕಲ್ಲ" ಎಂದ ಅಪ್ಪ. "ಹಾದೀಲಿ ಹೋಗೋರು ಓದ್ತಾರೆ. ನಾವೆಲ್ಲ ಹೋದ ಮೇಲೂ ಓದ್ತಾರೆ. ಅವರೆಲ್ಲ ನನ್ನ ಮಗಳ ತಲೆ ಹತ್ರ ನಿಂತ್ಕೊಂಡು ನಗಬೇಕಾ?"

ಮಾತು ಸರಿಯಾಗಿಯೇ ಇತ್ತು. ಸಿಟ್ಟು ಬಂತೇ ಎಂದು ನೋಡಿಕೊಂಡೆ. ಬಂದಿರಲಿಲ್ಲ. ಹೋಗಿ ಕಂದು ಕಾಗದದ ಸುರುಳಿ ಬಿಚ್ಚಿ ಇನ್ನಾರದೋ ಅಜ್ಜನ ಹೆಸರು ಬರೆಯಲು ಕೂತೆ.

ಮುಂದಿನ ಗುರುವಾರ ಭಾವ ಒತ್ತು, ದೀರ್ಘ ಎಲ್ಲ ಸರಿಮಾಡಿಕೊಂಡು ಬಂದರು. ಅಪ್ಪ 'ಅಂತ' ಎನ್ನುವುದು ಬಾಯಿಮಾತು, ಕಲ್ಲಿನ ಮೇಲೆ 'ಎಂದು' ಇರಬೇಕು ಎಂದ. ಅದನ್ನೂ ತಿದ್ದಿ ತಂದರು. ಮೊದಲ ಸಾಲಿನಲ್ಲಿ ಕೇಳಿದ್ದು ಯಾರು, ಎರಡನೆಯದರಲ್ಲಿ ಹೇಳಿದ್ದು ಯಾರು, ಓದುವವರಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ. ನೀನು, ನಾನು ಎಂದು ಸೇರಿಸಿಕೊಂಡು ಬಂದರು. ಸಾಲು ಉದ್ದವಾಯಿತು ಎಂದ. ಕಲ್ಲಿನ ಅಂಗಡಿಯಲ್ಲಿ ಕೂತು ಅಪ್ಪ ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದ. ಅಷ್ಟರಲ್ಲಿ ಬೇರೆಯವರ ಕಲ್ಲುಗಳು ಬಂದವು, ಕೆತ್ತಿಸಿಕೊಂಡವು, ಗಾಡಿ ಹತ್ತಿ ಹೋದವು. ಗೋಣಿ ಹೊದ್ದ ಕಲ್ಲು ಮಾತ್ರ ಕಿಟಕಿಯ ಪಕ್ಕ ಹಾಗೇ ನಿಂತಿತ್ತು.

ಅಮ್ಮ ತೀರಿಕೊಂಡಾಗ ಅಪ್ಪ ಹೀಗೆ ಮಾಡಿರಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಉಳಿ ಹಿಡಿದು ಕೂತಿದ್ದ. ವಾರದೊಳಗೆ ಕಲ್ಲು ನಿಂತಿತ್ತು. ಹಾಗಾಗಿ ಕೈ ಸಾಗದೆ ತಡಮಾಡುತ್ತಿದ್ದಾನೆ ಎಂದು ನನಗೆ ಹೊಳೆಯಲೇ ಇಲ್ಲ. ಹಟ ಎಂದುಕೊಂಡೆ. ಭಾವ ಅಂದುಕೊಂಡದ್ದು ಇನ್ನೂ ಕೆಟ್ಟದ್ದು.

ಒಂದು ಗುರುವಾರ ಅವರನ್ನು ಕಳಿಸಿಕೊಡಲು ಬೀದಿಯವರೆಗೆ ಹೋದೆ. ತಿರುವಿನ ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದ. ಭಾವ ಅಲ್ಲಿ ನಿಂತರು.

"ಪುಟ್ಟೀ, ಮಾವನಿಗೆ ನನ್ನ ಮೇಲೆ ಸಿಟ್ಟಿದೆ ಅಲ್ವಾ?"

ನನಗೆ ಈಗ ಮೂವತ್ತು ದಾಟಿದೆ. ಪುಟ್ಟಿ ಎನ್ನುವುದು ಅಕ್ಕ ಇಟ್ಟ ಹೆಸರು, ಅವಳಿಂದ ಭಾವನಿಗೆ ಅಂಟಿಕೊಂಡದ್ದು.

"ಸಿಟ್ಟು ಯಾಕೆ ಭಾವ? ಅಕ್ಷರದ ವಿಷಯದಲ್ಲಿ ಅವನು ಹಾಗೇನೇ."

"ಬೆಳಗ್ಗೆನೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು ನಾನು. ತಲೆನೋವು ತಾನೇ, ಮಾತ್ರೆ ನುಂಗಿ ಮಲ್ಕೋ ಅಂತ ಹೇಳಿ ಕೆಲಸಕ್ಕೆ ಹೋದೆ. ಅದು ಮಾವನ ಮನಸ್ಸಲ್ಲಿದೆ. ಅದನ್ನ ಬಾಯಿಬಿಟ್ಟು ಹೇಳೋಕಾಗಲ್ಲ. ಅದಕ್ಕೇ ಒತ್ತು ಬಿಟ್ಟಿದೀರಿ, ದೀರ್ಘ ಬಿಟ್ಟಿದೀರಿ ಅಂತಾರೆ." ಅವರ ದನಿಯಲ್ಲಿ ಅಳುವೇನೂ ಇರಲಿಲ್ಲ. ಕೆಟ್ಟ ಲಿಫ್ಟಿನ ಬಗ್ಗೆ ಹೇಳುವಂತೆ ಹೇಳುತ್ತಿದ್ದರು. "ಊರಿನವರ ತಪ್ಪೆಲ್ಲ ಕಲ್ಲಿನ ತಪ್ಪು. ನನ್ನ ತಪ್ಪು ಮಾತ್ರ ನನ್ನದು. ನಾನೇನು ದಡ್ಡ ಅಲ್ಲ, ನನಗೂ ಅರ್ಥ ಆಗುತ್ತೆ."

ಅಲ್ಲ ಎನ್ನಬೇಕಿತ್ತು. ಆದರೆ ಅಲ್ಲ ಎಂದು ನನಗೂ ಗೊತ್ತಿರಲಿಲ್ಲ.

"ಇನ್ನೊಂದೇ ಸಲ ಬರ್ತೀನಿ" ಎಂದರು. "ನಮ್ಮ ಕಟ್ಟಡದಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರಿದಾರೆ, ಅವರ ಕೈಲಿ ತಿದ್ದಿಸ್ತೀನಿ. ಆಮೇಲೂ ಮಾವ ತಪ್ಪು ಅಂದ್ರೆ, ಆ ಕಡೆ ಮೆಶಿನ್ನಲ್ಲಿ ಕೊರೆಯೋ ಅಂಗಡಿ ಇದೆಯಲ್ಲ, ಅಲ್ಲಿ ಬರೀ ಹೆಸರು ಹಾಕಿಸಿ ನಿಲ್ಲಿಸಿಬಿಡ್ತೀನಿ. ಮತ್ತೆ ಈ ಬಾಗಿಲಿಗೆ ಬರಲ್ಲ. ನೀನು ಬೇಜಾರು ಮಾಡ್ಕೋಬೇಡ."

ಸೈಕಲ್ಲಿನವನಿಗೆ ಗುಳ್ಳೆ ಸಿಕ್ಕಿತು. ಅಲ್ಲಿ ಬೆರಳಿಟ್ಟು ಹಿಡಿದುಕೊಂಡ. ನಾನು ಹೂಂ ಎಂದು ತಿರುಗಿ ಬಂದೆ. ಭಾವ ಬರುವುದು ನಿಂತರೆ ಗುರುವಾರ ಎನ್ನುವುದೂ ಬುಧವಾರದ ಹಾಗೆ ಆಗುತ್ತದೆ, ಅಕ್ಕನ ವಿಷಯ ಮಾತಾಡಲು ಅಪ್ಪನಿಗಾಗಲಿ ನನಗಾಗಲಿ ಯಾರೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಬೇರೆಯವರ ಮನೆಯ ಸಂಗತಿ ಲೆಕ್ಕ ಹಾಕಿದ ಹಾಗೆ. ಇಷ್ಟಾದರೂ ಎದೆಯೊಳಗೆ ಏನೂ ಆಗುತ್ತಿಲ್ಲವಲ್ಲ, ನಾನೇನು ಮನುಷ್ಯಳೇ ಅಲ್ಲವೇ ಎಂದು ಹೆದರಿಕೆಯಾಯಿತು. ಆ ಹೆದರಿಕೆಯೂ ಅಂಗಡಿ ಮುಟ್ಟುವಷ್ಟರಲ್ಲಿ ಇಳಿಯಿತು.

ಅಪ್ಪನಿಗೆ ವಿಷಯ ಹೇಳಿದೆ. "ಇನ್ನೊಂದು ತಪ್ಪು ತೆಗೆದ್ರೆ ಭಾವ ಬರೋದು ನಿಲ್ಲಿಸ್ತಾರೆ. ನಿನಗೆ ಸಿಟ್ಟು ಅಂದ್ಕೊಂಡಿದಾರೆ. ಆಸ್ಪತ್ರೆ ವಿಷಯಕ್ಕೆ."

ಅಪ್ಪ ಉಳಿ ಮಸೆಯುತ್ತಿದ್ದ. ನಿಲ್ಲಿಸಲಿಲ್ಲ. "ಸಿಟ್ಟಾ? ಅವರ ಮೇಲಾ?" ಎಂದು ಮಾತ್ರ ಕೇಳಿದ. ಉತ್ತರಕ್ಕೆ ಕಾಯದೆ ಮಸೆಯುತ್ತಲೇ ಇದ್ದ.

ಮುಂದಿನ ಗುರುವಾರ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಚೀಟಿಯ ಬದಲು ಬಿಳಿಯ ದೊಡ್ಡ ಹಾಳೆ. ಮೇಷ್ಟ್ರ ಅಕ್ಷರ, ಮುತ್ತು ಪೋಣಿಸಿದ ಹಾಗೆ.

ದ್ವಾರವನ್ನು ತೆರೆದಾಗ ಯಾರೆಂದು ನೀನು ಪ್ರಶ್ನಿಸುತ್ತಿದ್ದೆ
ನಾನೇ ಎಂದು ನಾನು ಉತ್ತರಿಸುತ್ತಿದ್ದೆ
ಈಗ ದ್ವಾರವನ್ನು ತೆರೆದರೆ ಪ್ರಶ್ನಿಸುವವರಿಲ್ಲ
ನಾನು ಯಾರೆಂಬುದನ್ನು ನಾನೇ ಮರೆತಿದ್ದೇನೆ

ಒಂದು ತಪ್ಪಿಲ್ಲ. ಅಕ್ಕನನ್ನು ಯಾವುದೋ ಕಚೇರಿಯಲ್ಲಿ ಕೂರಿಸಿ ವಿಚಾರಣೆ ನಡೆಸಿದ ಹಾಗಿತ್ತು. ಅವಳು ಜನ್ಮದಲ್ಲಿ ದ್ವಾರ ಎಂದವಳಲ್ಲ. ಅಡುಗೆಮನೆಯಿಂದಲೇ "ಯಾರ್‍ರೀ?" ಎಂದು ಕೂಗುತ್ತಿದ್ದಳು, ಭಾವನ ಹೆಜ್ಜೆಯ ಸದ್ದು ಗೊತ್ತಿದ್ದೂ.

"ಇದರಲ್ಲಿ ನಂದು ಅಂತ ಏನೂ ಉಳಿದಿಲ್ಲ ಮಾವ" ಎಂದರು ಭಾವ. "ತಪ್ಪೂ ಉಳಿದಿಲ್ಲ. ಸರಿ ಇದ್ರೆ ಶುರು ಮಾಡಿ. ಇಲ್ಲ ಅಂದ್ರೆ ಈಗಲೇ ಹೇಳಿಬಿಡಿ."

ಅಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಓದಿದ. ಆಮೇಲೆ ಕೆಳಗಿನಿಂದ ಮೇಲಕ್ಕೆ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಒಂದೊಂದು ಅಕ್ಷರದ ಕೆಳಗೂ ಬೆರಳು ಇಟ್ಟು, ತೆಗೆದು, ಇಟ್ಟು ಹೋದ. ಕೊನೆಯ ಅಕ್ಷರ ಮುಟ್ಟಿದ ಮೇಲೆ ಬೆರಳು ಅಲ್ಲೇ ನಿಂತಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ಭಾವ ಕೈಕಟ್ಟಿ ನಿಂತಿದ್ದರು.

"ನೀನೊಂದು ಸಲ ನೋಡೇ" ಎಂದು ಹಾಳೆ ನನಗೆ ಚಾಚಿದ.

ನೋಡಿದೆ. "ಸರಿ ಇದೆ ಅಪ್ಪ."

"ಸರಿಯಾಗಿ ನೋಡು."

"ನೋಡಿದೆ. ಏನೂ ಇಲ್ಲ."

"ಇನ್ನೊಂದ್ಸಲ ನೋಡು. ಒತ್ತು ನೋಡಿದ್ಯಾ? ಕೊಂಬು?"

"ಎಲ್ಲ ನೋಡಿದೆ ಅಪ್ಪ. ತಪ್ಪಿಲ್ಲ."

ಅಪ್ಪ ನನ್ನ ಮುಖ ನೋಡಿದ. ಅವನ ತುಟಿಯ ಮೇಲೆ ಬೆವರು ಇತ್ತು. ದನಿ ತಗ್ಗಿಸಿದ, ಭಾವನಿಗೆ ಕೇಳಿಸಬಾರದು ಎನ್ನುವಂತೆ. ಆದರೆ ಅಂಗಡಿ ಇರುವುದೇ ಇಷ್ಟಗಲ.

"ಒಂದಾದ್ರೂ ಇರ್ಬೇಕು ಕಣೇ. ಇಲ್ಲ ಅಂದ್ರೆ ನಾನು ಶುರು ಮಾಡ್ಬೇಕಾಗುತ್ತೆ."

ಅಪ್ಪ ಹೋಗಿ ಕಲ್ಲಿನ ಮೇಲಿನ ಗೋಣಿ ಎತ್ತಿದ. ಬರೀ ಕಲ್ಲು, ಒಂದು ಗೀರೂ ಇಲ್ಲದ್ದು. ಅದರ ಮೇಲೆ ಅಂಗೈ ಇಟ್ಟ. ಜ್ವರ ಬಂದ ಮಕ್ಕಳ ಹಣೆ ಮುಟ್ಟುವ ಹಾಗೆ ಇಟ್ಟು, ಅಲ್ಲೇ ನಿಂತ.

"ಅವಳಮ್ಮಂದು ಮಾಡಿದೆ" ಎಂದ, ಯಾರಿಗೆ ಎಂದಿಲ್ಲದೆ. "ಅವಳಿಗಾದ್ರೆ ಹೆಸರು ಇಟ್ಟಿದ್ದು ಬೇರೆ ಯಾರೋ. ಇವಳಿಗೆ ಇಟ್ಟಿದ್ದು ನಾನು."

ಆಗ ಭಾವ ಕಟ್ಟಿದ್ದ ಕೈ ಬಿಚ್ಚಿದರು. ಅಪ್ಪನ ಬೆನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಇಷ್ಟು ವಾರಗಳಿಂದ ಬಿಗಿದುಕೊಂಡಿದ್ದದ್ದು ಸಡಿಲವಾದದ್ದನ್ನು ನಾನು ಕಂಡೆ. ಇಲ್ಲಿಯವರೆಗೆ ತನ್ನನ್ನು ಹಳಿಯಲು ವಾಪಸ್ ಕಳಿಸಿದ್ದು ಎಂದುಕೊಂಡ ಒಂದೊಂದು ಚೀಟಿಯನ್ನೂ ಅವರು ಮನಸ್ಸಿನಲ್ಲೇ ಮತ್ತೆ ತೆರೆದು ನೋಡುತ್ತಿದ್ದಿರಬೇಕು. ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಜೇಬಿನಿಂದ ಪೆನ್ನು ತೆಗೆದರು. ಕಂದು ಕಾಗದ ಹರಡುವ ನನ್ನ ಮೇಜಿನ ಮೇಲೆ ಹಾಳೆ ಇಟ್ಟು, ಬಗ್ಗಿ, ಮೇಷ್ಟ್ರ ಮುತ್ತಿನಂಥ ಸಾಲಿನ ನಡುವೆ ಏನನ್ನೋ ಹೊಡೆದುಹಾಕಿ, ಮೇಲೆ ಏನನ್ನೋ ಗೀಚಿದರು. ಶಾಲೆಯ ಮಗು ಬರೆದ ಹಾಗೆ ಒತ್ತಿ ಒತ್ತಿ ಬರೆದರು.

"ಮಾವ" ಎಂದರು. "ಇಲ್ಲಿ ನೋಡಿ. ಇಲ್ಲೊಂದು ತಪ್ಪಿದೆ ಅನ್ಸುತ್ತೆ."

ಅಪ್ಪ ಬಂದ. ಹಾಳೆ ನೋಡಿದ. ಶಾಯಿ ಇನ್ನೂ ಆರಿರಲಿಲ್ಲ. ಹಸಿ ಶಾಯಿ ಯಾವುದು, ಹಳೆಯದು ಯಾವುದು ಎಂದು ತಿಳಿಯದಷ್ಟು ಅಪ್ಪನ ಕಣ್ಣು ಮಂಜಾಗಿಲ್ಲ.

"ಹೌದು" ಎಂದ. "ತಪ್ಪು."

"ನಾನು ಗಮನಿಸಿರಲಿಲ್ಲ. ಮುಂದಿನ ಗುರುವಾರ ತಿದ್ಕೊಂಡು ಬರ್ತೀನಿ."

"ಬನ್ನಿ. ಅವಸರ ಏನಿಲ್ಲ." ಅಪ್ಪ ಹಾಳೆಯನ್ನು ಮಡಿಸಿ, ತಾನೇ ಅವರ ಶರ್ಟಿನ ಜೇಬಿಗೆ ಇಟ್ಟ. ಜೇಬಿನ ಮೇಲಿಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. "ಊಟ ಮಾಡ್ಕೊಂಡು ಹೋಗಿ."

ಅಂದು ಮೂವರೂ ಮೇಲೆ ಕೂತು ಉಂಡೆವು. ಸಾರು ಬಾಯಿಗಿಟ್ಟ ಭಾವ ಕಣ್ಣು ಕಿರಿದು ಮಾಡಿಕೊಂಡು ನುಂಗಿದರು. ಆಮೇಲೆ ನಾನೂ ರುಚಿ ನೋಡಿದೆ. ಉಪ್ಪು ಎರಡು ಸಲ ಬಿದ್ದಿತ್ತು. ನಾಲಿಗೆಗೆ ಗೊತ್ತಾಯಿತು. ಯಾರೂ ಹೇಳಲಿಲ್ಲ. ಭಾವ ಮಾತ್ರ ಮತ್ತೆ ಮತ್ತೆ ನೀರು ಕುಡಿದರು.

ಉಂಡೆದ್ದ ಅಪ್ಪ ಮೊದಲೇ ಅಂಗಡಿಗೆ ಇಳಿದಿದ್ದ. ಭಾವ ಹೊರಡುವಾಗ ಮೆಟ್ಟಿಲಿನವರೆಗೆ ಹೋದೆ. ಅವರು ನಾಲ್ಕು ಮೆಟ್ಟಿಲು ಇಳಿದು, ಕೆಳಗೆ ಅಪ್ಪ ಕೇಳಿಸಿಕೊಳ್ಳುತ್ತಿಲ್ಲ ಎಂದು ನೋಡಿಕೊಂಡು, ತಿರುಗಿದರು.

"ಪುಟ್ಟೀ, ಮುಂದಿನ ವಾರಕ್ಕೆ ಒಂದು ತಪ್ಪು ಯೋಚನೆ ಮಾಡಿಡು. ನನಗೆ ಗೊತ್ತಿರೋ ತಪ್ಪೆಲ್ಲ ಮುಗಿದುಹೋಯ್ತು."

"ಆಯ್ತು ಭಾವ" ಎಂದೆ.

ಒಳಗೆ ಬಂದು ತಟ್ಟೆಗಳನ್ನು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದೆ. ಯಾವ ತಪ್ಪು ಮಾಡಬಹುದು ಎಂದು ಯೋಚಿಸುತ್ತ ಮೊದಲನೆಯ ತಟ್ಟೆ ತೊಳೆದೆ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಳು ಬಂತು. ನಲ್ಲಿ ಹಾಗೇ ಬಿಟ್ಟು ನೆಲದ ಮೇಲೆ ಕೂತು ಅತ್ತೆ.